ಕೋತಿ ಮೇಸ್ತ್ರಿ ಕಲಿತ ಕೂಗು

ಶೇಂಗಾ ಮಂಡಿಯಲ್ಲಿ ಕಾಳು ಆರಿಸುವ ಅಳಿಲಿನ ಬಾಲವನ್ನು ಕೋತಿ ಮೇಸ್ತ್ರಿ ದಿನವೂ ಎಳೆಯುತ್ತಿತ್ತು. "ತಮಾಷೆಗಮ್ಮ" ಎನ್ನುತ್ತಿತ್ತು. ಮೂಟೆ ಹೊರುವ ಕೋಣವೂ ಕತ್ತೆಯೂ ಆಗ ಗೋಡೆ ನೋಡುತ್ತಿದ್ದವು. ಇನ್ನೊಮ್ಮೆ ಎಳೆದರೆ ಕೆಲಸವನ್ನೇ ಬಿಡುವುದೆಂದು ಅಳಿಲು ನಿಶ್ಚಯಿಸಿತು.

ಅಷ್ಟರಲ್ಲಿ, ಇಂಥ ಕಾಟವನ್ನು ತಡೆಯುವುದು ಹೇಗೆಂದು ಮಂಡಿಯ ಎಲ್ಲರಿಗೂ ತರಬೇತಿ ಕೊಡಲು ಗೊರವಂಕ ಬಂದಿತು.

"ಬಾಲ ಮಡಚಿಕೊಳ್ಳುವುದನ್ನು ಅಳಿಲಿಗೆ ಹೇಳಿಕೊಡಿ, ಸಾಕು" ಎಂದಿತು ಕೋಣ.

"ಪಾಠ ಅವಳಿಗಲ್ಲ, ಗೋಡೆ ನೋಡುವವರಿಗೆ" ಎಂದಿತು ಗೊರವಂಕ. "ಯಾರ ಬಾಲಕ್ಕೆ ಯಾರ ಕೈ ಹೋದರೂ ಎಲ್ಲರೂ 'ಕೈ ತೆಗಿ' ಎಂದು ಕೂಗಬೇಕು."

ಸಂಜೆಯವರೆಗೂ ಕೂಗಿಸಿತು. ಎಲ್ಲರಿಗಿಂತ ಜೋರಾಗಿ, ಕುಣಿಕುಣಿದು ಕೂಗಿದ್ದು ಕೋತಿಯೇ. ಬಹುಮಾನದ ಬಾಳೆಹಣ್ಣೂ ಅದಕ್ಕೇ ಸಿಕ್ಕಿತು. ಇನ್ನು ತನ್ನ ಕಥೆ ಮುಗಿಯಿತೆಂದುಕೊಂಡಿತು ಅಳಿಲು.

ಮರುದಿನ ಕೋತಿಯ ಕೈ ಮತ್ತೆ ಬಾಲ ಹಿಡಿಯಿತು.

"ಕೈ ತೆಗಿ" ಎಂದು ಕೋಣ ಗುಡುಗಿತು. ಕತ್ತೆ ಅರಚಿತು. ತೊಲೆಯ ಮೇಲಿನ ಪಾರಿವಾಳಗಳೂ ದನಿಗೂಡಿಸಿದವು. ಆ ಅಬ್ಬರದಲ್ಲಿ ಅಭ್ಯಾಸಬಲದಿಂದ ಕೋತಿಯೂ "ಕೈ ತೆಗಿ" ಎಂದು ಕೂಗಿ, ತನ್ನ ದನಿಗೆ ತಾನೇ ಬೆಚ್ಚಿ ಕೈ ತೆಗೆಯಿತು.

ಮಂಡಿಗೆ ಮಂಡಿಯೇ ನಕ್ಕಿತು.

"ಮೇಸ್ತ್ರಿಗಳೇ, ಬಾಳೆಹಣ್ಣು ದಂಡವಾಗಲಿಲ್ಲ" ಎಂದ ಅಳಿಲು, ಬಾಲ ನಿಮಿರಿಸಿಕೊಂಡು ಕಾಳಿನ ರಾಶಿಗೆ ಜಿಗಿಯಿತು.