ಬೇಳೆ ಬೇಯದ ಬಾವಿ

ಒಂದಾನೊಂದು ಕಾಲದಲ್ಲಿ, ನೀರು ಸೇದೋ ಹಗ್ಗ ಇನ್ನೂ ಹತ್ತೇ ಮಾರು ಇದ್ದ ಕಾಲದಲ್ಲಿ, ಬಯಲುಸೀಮೆಯ ಒಂದೂರಲ್ಲಿ ಮಾಳಕ್ಕ, ಹೊನ್ನಿ ಅಂತ ಇಬ್ಬರು ವಾರಗಿತ್ತಿಯರು ಇದ್ದರಂತೆ. ಮಾಳಕ್ಕ ಅಣ್ಣನ ಹೆಂಡತಿ, ಹೊನ್ನಿ ತಮ್ಮನ ಹೆಂಡತಿ. ಪಾಲಾದಾಗ ಅಕ್ಕಪಕ್ಕದ ಮನೆ ಬಂತು, ಮನೆಗೊಂದು ಬಾವಿಯೂ ಬಂತು. ಹೊನ್ನಿ ಬಾವಿ ನೀರಲ್ಲಿ ತೊಗರಿಬೇಳೆ ಬೆಣ್ಣೆ ಹಾಗೆ ಬೇಯೋದಂತೆ. ಮಾಳಕ್ಕನ ಬಾವಿ ನೀರು ಗಡಸು, ಒಂದು ಹೊರೆ ಸೌದೆ ಉರಿಸಿದರೂ ಬೇಳೆ ಕಲ್ಲಿನ ಹಾಗೇ ಇರೋದಂತೆ. ಅದಕ್ಕೇ ಊರ ಹೆಂಗಸರೆಲ್ಲ ಬಿಂದಿಗೆ ಹಿಡಿದು ಮಾಳಕ್ಕನ ಬಾಗಿಲು ದಾಟಿಕೊಂಡೇ ಹೊನ್ನಿ ಬಾವಿಗೆ ಹೋಗೋರು. ಒಂದೊಂದು ಬಿಂದಿಗೆ ದಾಟಿದಾಗಲೂ ಮಾಳಕ್ಕನ ಹೊಟ್ಟೆಗೆ ಒಂದೊಂದು ಕೊಳ್ಳಿ ಇಟ್ಟ ಹಾಗೆ.

ಹೊನ್ನಿದೊಂದು ಕಟ್ಟಳೆ ಇತ್ತು. ಅವಳ ಮನೆ ಹಿಂದೆ ಮಳೆನೀರು ನಿಲ್ಲೋ ಹೊಂಡ. ಯಾರಿಗೇ ಆಗಲಿ, ಒಂದು ಬಿಂದಿಗೆ ನೀರು ಬೇಕಾದರೆ ಆ ಹೊಂಡದಿಂದ ಒಂದು ಬುಟ್ಟಿ ಹೂಳು ಎತ್ತಿ ದಡಕ್ಕೆ ಹಾಕಬೇಕು. ಮೊದಲು ಬುಟ್ಟಿ, ಆಮೇಲೆ ಬಿಂದಿಗೆ. ಈ ಕಟ್ಟಳೇನ ತೀರಿಹೋದ ಅತ್ತೆ ಇಬ್ಬರು ಸೊಸೆಯರಿಗೂ ಹೇಳಿಕೊಟ್ಟಿದ್ದಳಂತೆ. ಕೆಸರು ಹೊರೋಕೆ ನಾನೇನು ಕೂಲಿಯವಳಾ ಅಂತ ಮಾಳಕ್ಕ ಮೂಗು ಮುರಿದಿದ್ದಳು.

ಹೀಗಿರುವಾಗ ಒಂದು ಬೇಸಿಗೇಲಿ ಮಾಳಕ್ಕನ ಮಗನನ್ನ ನೋಡೋಕೆ ಹೆಣ್ಣಿನ ಕಡೆಯವರು ಬಂದರಂತೆ. ಹೊನ್ನಿ ಹತ್ರ ನೀರು ಕೇಳೋದುಂಟಾ? ತನ್ನ ನೀರಲ್ಲೇ ಹುಳಿ ಮಾಡಿ ಬಡಿಸಿದಳು. ಹುಡುಗಿ ಅಪ್ಪನ ಹಲ್ಲಿಗೆ ಬೇಳೆ ಕಟಕ್ ಅಂತಂತೆ. ಏನು ತಾಯಿ, ನನ್ನ ಮಗಳು ಬದುಕೆಲ್ಲ ಒಲೆ ಊದ್ತಾ ಕೂರಬೇಕಾ, ದೀಪಾವಳಿಗೆ ಇನ್ನೊಂದು ಸಲ ಬರ್ತೀನಿ, ಆಗ ಬೇಳೆ ಬೆಂದರೆ ಹೆಣ್ಣು, ಇಲ್ಲದಿದ್ದರೆ ಇಲ್ಲ, ಅಂತ ಕೈ ತೊಳೆದು ಎದ್ದನಂತೆ.

ಆಮೇಲೆ ಮಾಳಕ್ಕ ತನ್ನ ಬಾವೀನ ಇನ್ನೂ ಮೂರಾಳು ಆಳ ತೋಡಿಸಿದಳಂತೆ. ನೀರೇನೋ ಬಂತು, ಬರೀ ಉಪ್ಪು. ಎಮ್ಮೆ ಕೂಡ ಮೂತಿ ತಿರುಗಿಸಿತಂತೆ.

ಆಮೇಲೆ, ನನ್ನದು ಸಿಹಿಯಾಗದಿದ್ದರೆ ಅವಳದು ಕಹಿಯಾಗಲಿ ಅಂತ, ಎಲ್ಲರೂ ಹೊಲಕ್ಕೆ ಹೋದ ಮಧ್ಯಾಹ್ನ ಹೊನ್ನಿ ಬಾವಿಗೆ ಒಂದು ಮೂಟೆ ಬೇವಿನ ಹಿಂಡಿ ಸುರಿದಳಂತೆ. ಊರಿನ ಬಾಯೆಲ್ಲ ಕಹಿ. ಮೂರನೇ ದಿನ ನೋಡಿದರೆ ಮಾಳಕ್ಕನ ಬಾವಿಯೂ ಕಹಿ! ಅಯ್ಯಯ್ಯೋ, ಈ ಹೊನ್ನಿ ನನ್ನ ಬಾವಿಗೆ ಬೇವಿನ ಹಿಂಡಿ ಸುರಿದಳಲ್ರಪ್ಪೋ ಅಂತ ಬೀದೀಲಿ ನಿಂತು ಬಾಯಿ ಬಡಕೊಂಡಳಂತೆ. ಹೊನ್ನಿ ಸೊಂಟಕ್ಕೆ ಕೈಯಿಟ್ಟು, ಅಕ್ಕಾ, ನಮಗೆ ಕಹಿ ಅಂತ ಗೊತ್ತೇ ಹೊರತು ಹಿಂಡಿ ಅಂತ ಗೊತ್ತಿರಲಿಲ್ಲ, ನಿನಗ್ಯಾರು ಹೇಳಿದರು, ಅಂದಳಂತೆ. ಹೆಂಗಸರೆಲ್ಲ ಘೊಳ್ಳಂತ ನಕ್ಕರು. ಕಟ್ಟೆ ಎರಡು ಅಕ್ಕಾ, ಕೆಳಗೆ ನೀರು ಒಂದೇ, ಅಂತಲೂ ಹೊನ್ನಿ ಹೇಳಿದಳು. ಕೇಳೋಕೆ ಮಾಳಕ್ಕ ಅಲ್ಲಿದ್ದರೆ ತಾನೇ? ಎಂಟು ದಿನ ಊರೆಲ್ಲ ಸೇದಿ ಸೇದಿ ಚೆಲ್ಲಿದ ಮೇಲೆ ನೀರು ತಿಳಿಯಾಯಿತಂತೆ.

ಆಮೇಲೆ ಮಾಳಕ್ಕ ಕೂತು ಯೋಚನೆ ಮಾಡಿದಳಂತೆ. ಇಷ್ಟು ಜನರ ಕೈಲಿ ಹೂಳು ಎತ್ತಿಸ್ತಾಳೆ ಅಂದರೆ ಸಿಹಿಯ ಗುಟ್ಟು ಆ ಹೂಳಲ್ಲೇ ಇರಬೇಕು, ಅದನ್ನೇ ಕದೀತೀನಿ! ದಿನಾ ಮಧ್ಯಾಹ್ನ ಬುಟ್ಟಿ ತಗೊಂಡು ಹೊಂಡಕ್ಕೆ ಇಳಿದು, ಹೊತ್ತು ಹೊತ್ತು ತನ್ನ ಬಾವಿ ಸುತ್ತ ಗುಡ್ಡೆ ಹಾಕಿದಳಂತೆ. ನೋಡಿದ ಹೆಂಗಸರು ಓಡಿ ಬಂದು ಹೊನ್ನಿಗೆ ಚಾಡಿ ಹೇಳಿದರೆ, ಶ್, ಸುಮ್ನಿರ್ರೇ, ಅಕ್ಕ ಹೊರಲಿ, ಯಾರೂ ಅಡ್ಡ ಬರಬೇಡಿ, ಅಂದಳಂತೆ. ಬೇಸಿಗೆ ಮುಗಿಯೋ ಹೊತ್ತಿಗೆ ಹೊಂಡದ ತಳದ ಮರಳು ಕಾಣಿಸಿತು.

ಮಳೆ ಬಂತು. ಮುಂಚೆ ದಡಕ್ಕೆ ಹಾಕಿದ ಹೂಳಲ್ಲಿ ಅರ್ಧ ಮಳೆಗೆ ಮತ್ತೆ ಹೊಂಡಕ್ಕೇ ಇಳಿಯೋದು, ನೀರಲ್ಲೂ ಅರ್ಧ ಅದರ ಮೇಲೆ ನಿಂತು ಬಿಸಿಲಿಗೆ ಆರಿಹೋಗೋದು. ಈ ಸಲ ಮರಳಿನೊಳಗಿಂದ ನೆಲ ಗಟಗಟ ಅಂತ ಕುಡೀತಂತೆ. ಮೊದಲು ಹೊನ್ನಿ ಬಾವಿ ಏರಿತು, ಅದು ತುಂಬಿದ ಮೇಲೆ ಮಾಳಕ್ಕನದೂ ಏರಿತು. ಉಪ್ಪು ಕೆಳಗುಳಿಯಿತು, ಸಿಹಿ ಮೇಲೆ ನಿಂತಿತು. ಮಾಳಕ್ಕ ಓಡಿದ್ದು ಎಲ್ಲಿಗೆ ಹೇಳು? ಹೊನ್ನಿ ಬಾವಿ ಇಣುಕೋಕೆ! ನಾನು ಹೊತ್ತ ಹೂಳಿಗೆ ಇವಳ ಬಾವಿ ತುಂಬಿತಲ್ಲಾ ಅಂತ ಅಲ್ಲೇ ಅತ್ತಳಂತೆ. ಹೊನ್ನಿ ಸೆರಗಲ್ಲಿ ಅವಳ ಕಣ್ಣೊರೆಸಿ, ನಿನ್ನದೂ ತುಂಬಿದೆ ಅಕ್ಕಾ, ಹೋಗಿ ಬೇಳೆ ಇಡು, ಅಂದಳಂತೆ.

ದೀಪಾವಳಿಗೆ ಹುಡುಗಿ ಅಪ್ಪ ಬಂದು ಮೂರು ಸಲ ಹುಳಿ ಹಾಕಿಸಿಕೊಂಡನಂತೆ. ಮದುವೆಯೂ ಆಯಿತು. ಮೊದಲ ಬೆಳಗ್ಗೆ ಹೊಸ ಸೊಸೆ ಬಿಂದಿಗೆ ಹಿಡಿದು ಬಾವಿಗೆ ಹೊರಟರೆ ಮಾಳಕ್ಕ ಅಡ್ಡ ನಿಂತು ಕೈಗೆ ಬುಟ್ಟಿ ಕೊಟ್ಟಳಂತೆ. ಮೊದಲು ಇದು ಕಣಮ್ಮಾ. ಆ ಹೊನ್ನಿ ಒಂದು ಹೊತ್ತರೆ ನೀನು ಎರಡು ಹೊರಬೇಕು, ತಿಳೀತಾ?

ಹೊಟ್ಟೆಕಿಚ್ಚು ಎಲ್ಲಿ ಹೋಗುತ್ತೆ ಮಗಾ. ಆದರೆ ಆ ಹೊಂಡದಲ್ಲಿ ಮತ್ತೆ ಹೂಳು ನಿಲ್ಲಲಿಲ್ಲವಂತೆ. ಅವರ ಬೇಳೆ ಬೆಂತು, ನನ್ನ ಕತೆ ಮುಗೀತು, ನೀನು ಕಣ್ಣು ಮುಚ್ಚು.