ಬಾಲ್ಕನಿಯ ಮೂರನೇ ಕುರ್ಚಿ

ಮುಚ್ಚಿಹೋದ ಚಂದ್ರಮೌಳಿ ಟಾಕೀಸನ್ನು ಕೆಡವುವ ಹಿಂದಿನ ದಿನ ಊರಿನವರೆಲ್ಲ ಅದಕ್ಕೆ ವಿದಾಯ ಹೇಳಲು ಸೇರಿದ್ದರು. ಗೋಡೆಯ ಮೇಲಿದ್ದ ಹಲ್ಲಿಗೆ ಕಣ್ಣು ತುಂಬಿ ಬಂತು.

"ನೋಡು ತಿಗಣೆಯಣ್ಣ, ಹಾಲ್ ಭರ್ತಿ! ಜನಕ್ಕೆ ಈ ಟಾಕೀಸಿನ ಮೇಲೆ ಎಷ್ಟು ಪ್ರೀತಿ!" ಎಂದಿತು.

ಬಾಲ್ಕನಿಯ ಮೂರನೇ ಕುರ್ಚಿಯ ಸಂದಿನಲ್ಲಿ ಹಸಿದು ಕೂತಿದ್ದ ಮುದಿ ತಿಗಣೆ, "ಇರಬಹುದು ಹಲ್ಲಿಯಕ್ಕ. ಹೋದ ವರ್ಷ ಒಂದು ಆಟಕ್ಕೆ ನಾಲ್ಕು ಜನ ಬಂದರೆ ಅವತ್ತು ನನಗೆ ಹಬ್ಬ," ಎಂದಿತು.

ಅಷ್ಟರಲ್ಲಿ ವಿದಾಯ ಸಮಿತಿಯ ಅಧ್ಯಕ್ಷ ಗುರುಬಸಪ್ಪನವರು ಮೈಕ್ ಹಿಡಿದು ಬಂದು ಅದೇ ಕುರ್ಚಿಯಲ್ಲಿ ಕೂತರು.

"ಮೂವತ್ತು ವರ್ಷ, ಪ್ರತಿ ಶುಕ್ರವಾರ, ಫಸ್ಟ್ ಶೋ ನೋಡಿದ್ದು ಇದೇ ಕುರ್ಚಿಯಲ್ಲಿ. ಇದು ನನ್ನ ಎರಡನೇ ಮನೆ," ಎಂದು ಗದ್ಗದಿತರಾದರು.

"ಕೇಳಿದೆಯಾ? ನಿನ್ನ ಹಳೆಯ ನೆಂಟರು!" ಎಂದಿತು ಹಲ್ಲಿ.

"ನನಗೆ ಮುಖ ನೆನಪಿರುವುದಿಲ್ಲ. ಇಲ್ಲಿ ಕೂತವರ ರುಚಿ ಮಾತ್ರ ಒಂದೂ ಮರೆತಿಲ್ಲ. ನೋಡಿಯೇ ಬಿಡೋಣ," ಎಂದು ತಿಗಣೆ ಮೆಲ್ಲಗೆ ಹೊರಬಂದು ಅವರ ತೊಡೆಗೆ ಕಚ್ಚಿತು.

ಗುರುಬಸಪ್ಪನವರು ಎಗರಿ ನಿಂತರು. ಉರಿಯುತ್ತಿದ್ದ ತೊಡೆಯನ್ನು ಉಜ್ಜಿಕೊಳ್ಳುತ್ತಲೇ ಮೈಕಿನಲ್ಲಿ ಕೂಗಿದರು: "ನೋಡಿ, ಅದೇ ತಿಗಣೆ! ಇಷ್ಟು ವರ್ಷವಾದರೂ ನನ್ನ ಗುರುತು ಹಿಡಿಯಿತು!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು.

"ಹೇಗೆ, ಗುರುತು ಸಿಕ್ಕಿತೇ?" ಎಂದು ಹಲ್ಲಿ ಆಸೆಯಿಂದ ಕೇಳಿತು.

ತಿಗಣೆ ಸಂದಿಗೆ ವಾಪಸಾಗುತ್ತಾ ಹೇಳಿತು: "ಒಳ್ಳೆಯ ರಕ್ತ, ಹಲ್ಲಿಯಕ್ಕ. ಇವತ್ತೇ ಮೊದಲ ಸಲ ಕುಡಿದೆ."