ದೊರೆ ಕೇಳಿದ ಕಂಡೋಲೆನ್ಸ್

"ಕೇಳ್ರಪ್ಪೋ ಕೇಳಿ! ದೊರೆಗಳ ಮೂರು ಒಗಟು ಬಿಡಿಸಿದೋರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದೋರ ತಲೆ ಹೋಗುತ್ತೆ!"

ಕೆಂಗಾಲಪುರದಲ್ಲಿ ಹೀಗೆ ಡಂಗುರ ಸಾರಿದರು. ಅದಕ್ಕೆ ಕಾರಣವಿತ್ತು. ದೊರೆಯ ಒಬ್ಬಳೇ ಮಗಳು ತೀರಿಕೊಂಡಾಗ ಇಂಗ್ಲಿಷ್ ಸಾಹೇಬನೊಬ್ಬ ಬಂದು, ಟೋಪಿ ತೆಗೆದು, "ಕಂಡೋಲೆನ್ಸ್" ಎಂದಿದ್ದ. ಅಂದರೆ ಸಂತಾಪ. ಅಂದಿನಿಂದ ಆಸ್ಥಾನದವರೆಲ್ಲ ಅದನ್ನೇ ಹೇಳಿ, ಕೈಮುಗಿದು, ಮನೆಗೆ ಹೋಗಿ ಉಂಡು ಮಲಗಿದರು. ದೊರೆಯ ದುಃಖ ಇದ್ದಲ್ಲೇ ಇತ್ತು. ಸಂತಾಪವೆಂದರೇನು ಎಂದು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ನೋಡಲು ಒಗಟು ಹೂಡಿದ.

ಕಂಬಳಿ ನೇಯುವ ಬೀರ ಅರಮನೆಗೆ ಬಂದದ್ದು ಬಹುಮಾನದ ಆಸೆಗಲ್ಲ. ಹಿಂದಿನ ದಿನ ಜಡಿಯ ಎಂಬ ಅವನ ಅಣ್ಣ ಎರಡನೇ ಒಗಟಿಗೆ ಎಡವಿ ಸೆರೆ ಸೇರಿದ್ದ. ಗೊತ್ತಿಲ್ಲದೆ ಎಡವಿದ್ದಲ್ಲ; ಅರಮನೆಯಲ್ಲವೇ, ಇಲ್ಲಿ ಎಲ್ಲ ಬೇರೆಯೇ ಇರಬೇಕು ಎಂದುಕೊಂಡು "ಬೆಳ್ಳಿ ತಟ್ಟೆ" ಎಂದುಬಿಟ್ಟಿದ್ದ. ಅವನನ್ನು ಬಿಡಿಸಿಕೊಂಡು ಹೋಗಬೇಕಿತ್ತು.

ಬೀರನಿಗಿಂತ ಮುಂದೆ ಒಬ್ಬ ಪಂಡಿತ ನಿಂತಿದ್ದ.

"ಆ ಕಂಡೋಲೆನ್ಸಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?" ದೊರೆ ಕೇಳಿದ.

"ಶೋಕಸಹಾನುಭೂತಿ, ಪ್ರಭು."

"ನಿನ್ನ ಹೆಂಡತಿ ಹಾಗೆನ್ನುತ್ತಾಳಾ?"

"ಇಲ್ಲ, ಪ್ರಭು," ಎಂದ ಪಂಡಿತ. ಭಟರು ಅವನ ತೋಳು ಹಿಡಿದರು. ಆದರೂ ಬೀರ ಮುಂದೆ ಬಂದ.

"ನಾವು ಮಾತಾಡಿಸ್ಕೊಂಡು ಬರೋದು ಅಂತೀವಿ, ಬುದ್ಧಿ. ಮಾತಾಡಿಸೋಕೆ ಹೋದೋರು ಹೆಚ್ಚೇನೂ ಮಾತಾಡಲ್ಲ. ಪಕ್ಕದಲ್ಲಿ ಕೂರ್ತಾರೆ, ಅಷ್ಟೇ."

"ಅದನ್ನು ಯಾವ ಪಾತ್ರೆಯಲ್ಲಿ ಕೊಡುತ್ತೀರಿ?"

"ಗಂಜಿ ಮಡಕೇಲಿ. ಸಾವಾದ ಮನೇಲಿ ಒಲೆ ಹಚ್ಚಲ್ಲವಲ್ಲ, ಅಕ್ಕಪಕ್ಕದೋರು ತಂದು, ಬೈದಾದ್ರೂ ಎರಡು ಗುಟುಕು ಕುಡಿಸ್ತಾರೆ."

ದೊರೆ ಮುಂದಕ್ಕೆ ಬಾಗಿದ. "ಹೊರಡುವಾಗ ಏನು ಹೇಳುತ್ತಾರೆ?"

"ಏನೂ ಹೇಳಲ್ಲ. ಬೇರೆ ಮನೆಯಿಂದಾದ್ರೆ ಹೋಗ್ಬರ್ತೀನಿ ಅಂತೀವಿ. ಇಂಥ ಕೆಲಸಕ್ಕೆ ಆ ಮನೆಗೆ ಮತ್ತೆ ಬರೋ ಹಾಗಾಗಬಾರದು. ಅದಕ್ಕೇ ಸುಮ್ಮನೆ ಎದ್ದು ಹೋಗ್ತೀವಿ."

"ಮೂರೂ ಸರಿ," ಎಂದ ದೊರೆ. ಅವನ ಕಣ್ಣು ಒದ್ದೆಯಾಗಿತ್ತು. "ಏನು ಬೇಕು, ಕೇಳಪ್ಪ."

"ನಮ್ಮಣ್ಣನ್ನ ಕೊಡಿ, ಬುದ್ಧಿ."

ಮಂತ್ರಿ ತಲೆ ತಗ್ಗಿಸಿದ. "ಬೆಳಿಗ್ಗೆಯೇ ಆಗಿಹೋಯಿತು, ಪ್ರಭು. ತಮ್ಮ ಅಪ್ಪಣೆಯಂತೆ."

ಬೀರ ನಿಂತಲ್ಲೇ ಕುಸಿದ. ಯಾರೋ "ಕಂಡೋ..." ಎಂದು ಬಾಯಿ ತೆರೆದರು. ದೊರೆ ಕೈಯೆತ್ತಿ ತಡೆದ. ಪಂಡಿತನನ್ನು ಬಿಡಿಸಿದ.

ಸಂಜೆ ದೊರೆ ಬರಿಗಾಲಲ್ಲಿ ಬೀರನ ಮನೆಗೆ ಗಂಜಿ ಮಡಕೆ ಹೊತ್ತು ಬಂದ.

"ಯಾರಪ್ಪಾ ನೀನು?" ಬೀರನ ತಾಯಿ ಕೇಳಿದಳು.

"ನಿನ್ನ ಮಗನನ್ನು ಕೊಲ್ಲಿಸಿದವನು, ತಾಯಿ."

ಅವಳು ಕೂರು ಎನ್ನಲಿಲ್ಲ, ಏಳು ಎಂದೂ ಅನ್ನಲಿಲ್ಲ. ದೊರೆ ಹೊಸ್ತಿಲಾಚೆ ನೆಲದ ಮೇಲೆ ಕೂತ. ಗಂಜಿ ಆರಿ ಕೆನೆಗಟ್ಟಿತು, ಅವಳು ಮುಟ್ಟಲಿಲ್ಲ. ಕತ್ತಲಾದ ಮೇಲೆ ಅವನು ಏನೂ ಹೇಳದೆ ಎದ್ದು ಹೋದ.

ಆಮೇಲೆ ಕೆಂಗಾಲಪುರದಲ್ಲಿ ಒಗಟಿಗೆಂದು ಯಾರ ತಲೆಯೂ ಹೋಗಲಿಲ್ಲ. ಬೀರನಿಗೆ ಸಿಕ್ಕ ಬಹುಮಾನ ಅಷ್ಟೇ.